ಆಟ ಶುರುವಾಗುವ ಮುನ್ನ ಕಲಿತದ್ದು

ಎಳವೆಯನ್ನು ಕಂಪ್ಯೂಟರ್ ಮುಂದೆ, ವಿಡಿಯೋ ಗೇಮ್‌ಗಳಲ್ಲಿ ಕಳೆದರೆ ಲಾಭವೋ ನಷ್ಟವೋ ಎಂಬ ಚರ್ಚೆ ಈಗ ಕಗ್ಗಂಟಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ 2022ರಿಂದ ‘ಗೇಮಿಂಗ್ ಡಿಸಾರ್ಡರ್’ ಜಾರಿಯಲ್ಲಿದೆ. ಇತ್ತ, ಶಸ್ತ್ರವೈದ್ಯರ ಕೈಚಳಕಕ್ಕೂ ಗೇಮಿಗೂ ನಂಟಿದೆ ಎಂದ ಅಧ್ಯಯನಗಳೂ ಇವೆ. ಎರಡೂ ಆಟ ಶುರುವಾದ ಮೇಲಿನ ಮಾತು. ಶುರುವಾಗುವ ಮುನ್ನ ನಡೆಯುತ್ತಿದ್ದ ಕಲಿಕೆ ಮಾತ್ರ ಚರ್ಚೆಗೆ ಬಂದದ್ದೇ ಕಡಿಮೆ.

1962ರಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಪಿಡಿಪಿ-1 ಕಂಪ್ಯೂಟರಿನಲ್ಲಿ ‘ಸ್ಪೇಸ್‌ವಾರ್’ ಆಟ ಮೂಡಿತು, 1972ರಲ್ಲಿ ‘ಪಾಂಗ್’ ಆಟದ ಅಂಗಡಿಗಳಿಗೆ ಬಂತು, 1982ರ ಹೊತ್ತಿಗೆ ಕಮೊಡೋರ್ 64, ಝಡ್‌ಎಕ್ಸ್ ಸ್ಪೆಕ್ಟ್ರಮ್ ಮನೆಗಳಿಗೇ ಬಂದವು. ಈ ಮನೆ ಕಂಪ್ಯೂಟರ್‌ಗಳಿಗೆ ಸ್ವಿಚ್ ಹಾಕಿದರೆ ಕಾಣುತ್ತಿದ್ದದ್ದು ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಪತ್ರಿಕೆಗಳು ಆಟದ ಪ್ರೋಗ್ರಾಮನ್ನೇ ಪುಟಗಟ್ಟಲೆ ಅಚ್ಚು ಹಾಕುತ್ತಿದ್ದವು. ಹುಡುಗರು ಅದನ್ನು ಸಾಲು ಸಾಲಾಗಿ ಟೈಪ್ ಮಾಡುತ್ತಿದ್ದರು. ಅಂಕಿಗಳ ಪಟ್ಟಿ ಇರುವ ‘ಡೇಟಾ’ ಸಾಲಿನಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋದರೆ ಎರಡು ಅಂಕಿಗಳು ಕೂಡಿ ಒಂದೇ ಆಗುತ್ತವೆ. ಆದರೆ ಯಂತ್ರ ತಪ್ಪು ತೋರಿಸುವುದು ಆ ಅಂಕಿಯನ್ನು ಮೆಮೊರಿಗೆ ಹಾಕುವ ‘ಪೋಕ್’ ಸಾಲಿನಲ್ಲಿ. ತಪ್ಪು ಕಂಡ ಜಾಗ ಬೇರೆ, ತಪ್ಪು ಹುಟ್ಟಿದ ಜಾಗ ಬೇರೆ ಎಂಬುದು ಹತ್ತು ವರ್ಷದ ಮಗುವಿಗೆ ತಿಳಿಯುತ್ತಿದ್ದದ್ದು ಹೀಗೆ.

ಈ ಕಲಿಕೆ ಅತಿ ಗಟ್ಟಿಯಾಗಿ ನಡೆದದ್ದು 1990ರ ದಶಕದ ಮೊದಲರ್ಧದಲ್ಲಿ, ಆದೇಶ ಟೈಪ್ ಮಾಡಿ ಕಂಪ್ಯೂಟರ್ ನಡೆಸುತ್ತಿದ್ದ ಡಾಸ್ ಕಾಲದಲ್ಲಿ. ಯಂತ್ರದಲ್ಲಿ 4 ಎಂಬಿ ಮೆಮೊರಿ ಇದ್ದರೂ ಸಾಮಾನ್ಯ ಪ್ರೋಗ್ರಾಮುಗಳು ನಡೆಯುತ್ತಿದ್ದದ್ದು ಮೊದಲ 640 ಕೆಬಿಯಲ್ಲಿ. ಡಾಸ್, ಮೌಸ್ ಮತ್ತು ಸಿಡಿಯನ್ನು ನಡೆಸುವ ಡ್ರೈವರ್ ಪ್ರೋಗ್ರಾಮುಗಳು ಎಲ್ಲವೂ ಅದರಲ್ಲೇ ಜಾಗ ಹಿಡಿಯುತ್ತಿದ್ದವು. ಆಟ 600 ಕೆಬಿ ಖಾಲಿ ಬೇಕು ಎಂದರೆ ‘ಮೆಮ್ /ಸಿ’ ಎಂದು ಕೊಟ್ಟು, ಯಾವುದು ಎಷ್ಟು ನುಂಗಿದೆ ಎಂದು ನೋಡಬೇಕು. ಆಮೇಲೆ, ಕಂಪ್ಯೂಟರ್ ಏಳುವಾಗ ಓದುವ ಕಾನ್ಫಿಗ್.ಸಿಸ್ ಫೈಲಿನಲ್ಲಿ 640 ಕೆಬಿಯಾಚೆಯ ಮೆಮೊರಿಯನ್ನು ಬಳಕೆಗೆ ತರುವ ಸಾಲುಗಳು: ಮೊದಲು ಹೈಮೆಮ್.ಸಿಸ್, ಅದರ ಕೆಳಗೆ ಇಎಂಎಂ386, ಅದರ ಕೆಳಗೆ ‘ಡಾಸ್=ಹೈ,ಯುಎಂಬಿ’. ಮೊದಲೆರಡು ಸಾಲು ಅದಲು ಬದಲಾದರೆ ಇಎಂಎಂ386 ಲೋಡ್ ಆಗುವುದೇ ಇಲ್ಲ, ಏಕೆಂದರೆ ಅದು ನಿಂತಿರುವುದೇ ಹೈಮೆಮ್ ಮೇಲೆ. ಡ್ರೈವರ್‌ಗಳನ್ನು ‘ಡಿವೈಸ್‌ಹೈ’ ಎಂದು ಮೇಲಿನ ಮೆಮೊರಿಗೆ ಸಾಗಿಸಿದರೆ ಕೆಳಗೆ ಜಾಗ ಸಿಗುತ್ತದೆ. ಇಷ್ಟೆಲ್ಲ ಮಾಡಿದರೂ ಕೆಲವು ಆಟಗಳು ಇಎಂಎಂ386 ಇದ್ದರೆ ಓಡುತ್ತಲೇ ಇರಲಿಲ್ಲ. ಅವಕ್ಕೆಂದೇ ‘ಫಾರ್ಮ್ಯಾಟ್ ಎ: /ಎಸ್’ ಕೊಟ್ಟು ಕಂಪ್ಯೂಟರನ್ನು ಏಳಿಸುವ ಬೇರೆ ಬೂಟ್ ಫ್ಲಾಪಿ ಮಾಡಿಟ್ಟುಕೊಳ್ಳಬೇಕಿತ್ತು.

ಸದ್ದಿನದು ಇನ್ನೊಂದು ಪಾಡು. ‘ಸೆಟ್ ಬ್ಲಾಸ್ಟರ್=ಎ220 ಐ5 ಡಿ1’ ಎಂಬ ಸಾಲಿನಲ್ಲಿ ಸೌಂಡ್ ಕಾರ್ಡಿನ ವಿಳಾಸವಾದ ಪೋರ್ಟ್, ಪ್ರೊಸೆಸರ್‌ಗೆ ಸುದ್ದಿ ಮುಟ್ಟಿಸುವ ಇಂಟರಪ್ಟ್, ಸದ್ದಿನ ತುಣುಕು ಸಾಗಿಸುವ ಡಿಎಂಎ ಮೂರೂ ಇವೆ. ಇಂಟರಪ್ಟ್ ತಪ್ಪಿದರೆ ಸದ್ದಿನ ಮೊದಲ ತುಣುಕೇ ಮತ್ತೆ ಮತ್ತೆ ಕೇಳುತ್ತದೆ: ತುಣುಕು ಮುಗಿಯಿತೆಂಬ ಸುದ್ದಿ ಪ್ರೊಸೆಸರ್‌ಗೆ ತಲುಪುವುದಿಲ್ಲ, ಮುಂದಿನ ತುಣುಕು ಬರುವುದಿಲ್ಲ. ಕಂಪ್ಯೂಟರೇ ಏಳದಂತಾದರೆ? ಡಾಸ್ 6ರಲ್ಲಿ ಎಫ್5 ಒತ್ತಿ ಕಾನ್ಫಿಗ್.ಸಿಸ್‌ನಂಥ ಫೈಲುಗಳನ್ನು ಬಿಟ್ಟು ಬೂಟ್ ಮಾಡಬಹುದಿತ್ತು; ಎಫ್8 ಒತ್ತಿದರೆ ಒಂದೊಂದು ಸಾಲಿಗೂ ಒಪ್ಪಿಗೆ ಕೇಳುತ್ತಿತ್ತು. ಕೆಟ್ಟ ಸಾಲು ಅಲ್ಲೇ ಸಿಕ್ಕಿಬೀಳುತ್ತಿತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು, ಹಳೆಯ ಫೈಲಿನ ಪ್ರತಿ ಇಟ್ಟುಕೋ ಎಂದು ಯಾರೂ ಪಾಠ ಮಾಡಬೇಕಿರಲಿಲ್ಲ. ಕೆಲಸದ ಜಾಗದಲ್ಲಿ ಇದನ್ನೇ ಈಗ ತರಬೇತಿ ಕೊಟ್ಟು ಕಲಿಸುತ್ತಾರೆ.

ವಿಂಡೋಸ್ 95, ಆಟಕ್ಕೂ ಯಂತ್ರಕ್ಕೂ ನಡುವೆ ನಿಲ್ಲುವ ಡೈರೆಕ್ಟ್‌ಎಕ್ಸ್ ಬಂದ ಮೇಲೆ ಈ ತಾಪತ್ರಯ ಕರಗುತ್ತಾ ಬಂತು. ಬಳಸುವವರಿಗೆ ಅದು ಬೇಕೇ ಇತ್ತು. ಆಟವನ್ನು ಬಿಚ್ಚಿ ತಿದ್ದುವ ಹಾದಿಯೂ ತೆರೆದೇ ಇತ್ತು: 1993ರ ‘ಡೂಮ್’ ತನ್ನ ನಕ್ಷೆ, ಚಿತ್ರ, ಸದ್ದುಗಳನ್ನು ವ್ಯಾಡ್ ಫೈಲಿನಲ್ಲಿ ಬೇರೆಯಾಗಿಟ್ಟಿತು, 1999ರಲ್ಲಿ ‘ಹಾಫ್-ಲೈಫ್’ ಆಟದ ತಿದ್ದುಪಡಿಯಾಗಿಯೇ ‘ಕೌಂಟರ್-ಸ್ಟ್ರೈಕ್’ ಹುಟ್ಟಿತು. ಆದರೆ ಮುಚ್ಚಿದ ಕನ್ಸೋಲ್, ಆಮೇಲೆ ಫೋನ್ ಬಂದಂತೆ ಆ ಹಾದಿಯೂ ಕಿರಿದಾಯಿತು.

ಸಂಶೋಧನೆ ಜೋರಾದದ್ದು ಇದೇ ಹೊತ್ತಿಗೆ. 2003ರಲ್ಲಿ ಗ್ರೀನ್ ಮತ್ತು ಬವೆಲಿಯೆ ಎಂಬ ಸಂಶೋಧಕರು, ಆಡದವರಿಗೆ ದಿನಕ್ಕೊಂದು ಗಂಟೆಯಂತೆ 10 ದಿನ ಆ್ಯಕ್ಷನ್ ಆಟ ಆಡಿಸಿದರು. ಹೋಲಿಕೆಗೆಂದು ಬ್ಲಾಕ್ ಜೋಡಿಸುವ ‘ಟೆಟ್ರಿಸ್’ ಆಡಿದವರಿಗಿಂತ ಇವರ ದೃಷ್ಟಿ ಗಮನ ಹೆಚ್ಚು ಸುಧಾರಿಸಿತು. 2007ರ ಅಧ್ಯಯನವೊಂದರಲ್ಲಿ, ಹಿಂದೆ ವಾರಕ್ಕೆ 3 ಗಂಟೆಗಿಂತ ಹೆಚ್ಚು ಆಡಿದ್ದ ಶಸ್ತ್ರವೈದ್ಯರು ಲ್ಯಾಪರೊಸ್ಕೋಪಿ (ಸಣ್ಣ ರಂಧ್ರದ ಮೂಲಕ ಮಾಡುವ ಶಸ್ತ್ರಚಿಕಿತ್ಸೆ) ಅಭ್ಯಾಸದಲ್ಲಿ ಶೇ 37ರಷ್ಟು ಕಡಿಮೆ ತಪ್ಪು ಮಾಡಿದರು. ಅಲ್ಲಿದ್ದವರು 33 ಮಂದಿ. ಚುರುಕು ಕೈಯವರೇ ಆಟಕ್ಕೆ ಒಲಿದಿರಲೂಬಹುದು. ಇಂಥ ಅಳತೆಗೆ ಕಣ್ಣು, ಕೈ ಸಿಗುತ್ತವೆ. ಕೆಟ್ಟದ್ದನ್ನು ತಾಳ್ಮೆಯಿಂದ ಹುಡುಕುವ ಅಭ್ಯಾಸ ಸಿಗುವುದಿಲ್ಲ.

ಆ ಅಭ್ಯಾಸಕ್ಕೆ ಈಗಲೂ ಜಾಗವಿದೆ. ‘ಮೈನ್‌ಕ್ರಾಫ್ಟ್’ ಆಟದಲ್ಲಿ ತಂತಿಯಂತೆ ಬಳಸುವ ರೆಡ್‌ಸ್ಟೋನ್‌ನ ಸಂಕೇತ 15 ಬ್ಲಾಕ್ ದಾಟುವುದಿಲ್ಲ, ನಡುವೆ ಅದಕ್ಕೆ ಮತ್ತೆ ಬಲ ಕೊಡುವ ರಿಪೀಟರ್ ಇಡಬೇಕು, ಇಟ್ಟರೆ ಸೆಕೆಂಡಿನ ಹತ್ತನೇ ಒಂದು ಭಾಗವಾದರೂ ತಡ, ಆ ತಡಕ್ಕೆ ಇಡೀ ಸರ್ಕ್ಯೂಟಿನ ತಾಳ ತಪ್ಪುತ್ತದೆ. ಹಳೆಯ ಮನೆ ಕಂಪ್ಯೂಟರ್‌ಗಳ ಜಾಗ ತುಂಬಲೆಂದೇ 2012ರಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬಂತು. ಅದರಲ್ಲೂ ಕಾನ್ಫಿಗ್.ಟಿಎಕ್ಸ್‌ಟಿ ಎಂಬ ಫೈಲಿದೆ. ಅದರ ಒಂದು ಸಾಲು ಕೆಟ್ಟು ಪರದೆ ಕಪ್ಪಾದರೆ, ಮೆಮೊರಿ ಕಾರ್ಡನ್ನು ಕಿತ್ತು ಬೇರೆ ಕಂಪ್ಯೂಟರಿಗೆ ಹಾಕಿ, ಆ ಸಾಲನ್ನು ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಅದರ ಮುಂದೆ ಹ್ಯಾಶ್ (#) ಗುರುತು ಇಟ್ಟು, ಮತ್ತೆ ಹಾಕಿ ನೋಡಬೇಕು. ಕೆಂಪು ದೀಪದ ಪಕ್ಕ ಹಸಿರು ದೀಪ ಮಿಣುಕಿತೆಂದರೆ ಯಂತ್ರ ಕಾರ್ಡನ್ನು ಓದುತ್ತಿದೆ.