ಮೊದಲು ಮೀಟರ್, ಆಮೇಲೆ ಬೆಸುಗೆ

ವಿಜಯಪುರದ ನಮ್ಮ ಓಣಿಗೆ ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ಮೋಟರ್ ಹಚ್ಚಿ ಮೇಲಿನ ಟಾಕಿ ತುಂಬಿಸಿಕೊಳ್ಳಬೇಕು. ಮರೆತು ಕೂತರೆ ನೀರು ಗೋಡೆಗುಂಟ ಇಳಿದು ಗಟಾರ ಸೇರುತ್ತದೆ. ಬೇಸಿಗೆ ರಜೆಯಲ್ಲಿ ಅದನ್ನು ನೋಡಿದ ಅಣ್ಣನ ಮಗ, "ಕಾಕಾ, ಟಾಕಿ ತುಂಬಿದ ಕೂಡ್ಲೆ ಬಜರ್ ಒದರೂ ಹಂಗ ಮಾಡೂಣ" ಎಂದ. ಮೊದಲು ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ತರಬೇಕೆಂದು ಅವನ ಹಟ. ನಾನು ಕರೆಂಟ್, ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಕೊಡಿಸಿದೆ.

ಎಲೆಕ್ಟ್ರಾನಿಕ್ಸ್ ಹವ್ಯಾಸ ಶುರು ಮಾಡುವ ಎಲ್ಲರಿಗೂ ನಾನು ಹೇಳುವುದು ಇದನ್ನೇ. ಕರೆಂಟ್ ಕಣ್ಣಿಗೆ ಕಾಣುವುದಿಲ್ಲ. ಸರ್ಕ್ಯೂಟ್ ಸುಮ್ನೆ ಕೂತಾಗ ವೋಲ್ಟೇಜ್ ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಅಂತ ತೋರಿಸುವುದು ಮೀಟರ್. ಸಾದಾ ಡಿಜಿಟಲ್ ಮೀಟರ್ ಸಾಕು. ತಂತಿ ಕೂಡಿದ್ದರೆ ಬೀಪ್ ಅನ್ನುವಂಥದ್ದು ಇರಲಿ. ಜಾಸ್ತಿ ಬಳಕೆಗೆ ಬರುವುದು ಆ ಬೀಪೇ.

ಎರಡು ದಿನ ಹುಡುಗ ಬರೀ ಅಳೆದ. ಹೊಸ ಪೆನ್ಸಿಲ್ ಸೆಲ್ 1.6 ವೋಲ್ಟ್, ರಿಮೋಟಿನ ಹಳೆಯದು 1.1. ಆಮೇಲೆ ರೆಸಿಸ್ಟರ್‌ಗಳು, ಅಂದರೆ ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗಗಳು. ಆ ತಡೆಯ ಅಳತೆ ಓಮ್. ಹಳದಿ, ನೇರಳೆ, ಕಂದು ಪಟ್ಟಿ ಇದ್ದರೆ 470 ಓಮ್. ಕೊನೆಯ ಬಂಗಾರದ ಪಟ್ಟಿಯ ಅರ್ಥ, ಶೇ. 5ರಷ್ಟು ಹೆಚ್ಚುಕಡಿಮೆ ಆಗಬಹುದು ಎಂದು. ಹತ್ತು ಅಳೆದ. ಒಂದೂ ಸರಿಯಾಗಿ 470 ಇರಲಿಲ್ಲ, ಆದರೆ ಎಲ್ಲವೂ ಆ ಗಡಿಯೊಳಗೇ ಇದ್ದವು. ಅವನ ಮುಖ ಆಗ ನೋಡಬೇಕಿತ್ತು!

ಮುಂದೆ ಬ್ರೆಡ್‌ಬೋರ್ಡ್. ಬೆಸುಗೆ ಇಲ್ಲದೆ ಬಿಡಿಭಾಗ ಚುಚ್ಚಿ ನೋಡುವ ಹಲಗೆ ಇದು. ಒಂದು ಸಾಲಿನ ಐದು ತೂತುಗಳು ಒಳಗಿನಿಂದ ಕೂಡಿರುತ್ತವೆ. 9 ವೋಲ್ಟ್ ಬ್ಯಾಟರಿಗೆ ಕೆಂಪು ಎಲ್‌ಇಡಿಯನ್ನು ನೇರ ಜೋಡಿಸಿದರೆ ಸುಟ್ಟುಹೋಗುತ್ತದೆ. ಅದಕ್ಕೆ ಬೇಕಾದ್ದು ಸುಮಾರು 2 ವೋಲ್ಟ್. ಉಳಿದ 7ನ್ನು ರೆಸಿಸ್ಟರ್ ಹೊರಬೇಕು. 7 ವೋಲ್ಟನ್ನು 470 ಓಮ್‌ನಿಂದ ಭಾಗಿಸಿದರೆ ಸುಮಾರು 0.015 ಆಂಪಿಯರ್, ಅಂದರೆ 15 ಮಿಲಿಆಂಪಿಯರ್ ಕರೆಂಟ್. ಎಲ್‌ಇಡಿ ಚೆನ್ನಾಗಿ ಬೆಳಗುತ್ತದೆ, ಸುಡುವುದಿಲ್ಲ. ಓಮ್‌ನ ನಿಯಮ ಅಂದರೆ ಇಷ್ಟೇ, ಅಲ್ವಾ?

ಈಗ ಟಾಕಿಯ ಮಾತು. ನಮ್ಮ ಬೋರಿನ ನೀರು ಸವಳು. ಕುಡಿಯಲು ಕಷ್ಟ, ಆದರೆ ಅದರ ಉಪ್ಪಿನಿಂದಲೇ ಅದರಲ್ಲಿ ಕರೆಂಟ್ ಹರಿಯುತ್ತದೆ. ನಳದ ನೀರಲ್ಲೂ ಅಷ್ಟಿಷ್ಟು ಉಪ್ಪು ಇದ್ದೇ ಇರುತ್ತದೆ. ಟಾಕಿಯ ಬಾಯಿ ಹತ್ತಿರ ಎರಡು ತಂತಿ ಇಳಿಬಿಟ್ಟೆವು. ಒಂದು ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು 1 ಕಿಲೋಓಮ್ ರೆಸಿಸ್ಟರ್ ಮೂಲಕ ಬಿಸಿ547 (BC547) ಎಂಬ ಮೂರು ಕಾಲಿನ ಟ್ರಾನ್ಸಿಸ್ಟರಿನ ನಡುಗಾಲಿಗೆ, ಅಂದರೆ ಬೇಸ್‌ಗೆ. ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಇದ್ದರೆ ಎಡಗಾಲು ಕಲೆಕ್ಟರ್, ಬಲಗಾಲು ಎಮಿಟರ್. ಎಮಿಟರ್ ಬ್ಯಾಟರಿಯ ಮೈನಸ್‌ಗೆ. ಬಜರಿನ ಒಂದು ತುದಿ ಪ್ಲಸ್‌ಗೆ, ಇನ್ನೊಂದು ಕಲೆಕ್ಟರ್‌ಗೆ. ನೀರು ಮುಟ್ಟಿದಾಗ ಬೇಸ್‌ಗೆ ಬರುವ ಕರೆಂಟ್ ತೀರಾ ಸಣ್ಣದು, ಬಜರಿಗೆ ಸಾಲದು. ಟ್ರಾನ್ಸಿಸ್ಟರ್ ಅದರ ನೂರು ಪಟ್ಟಿಗೂ ಹೆಚ್ಚು ಕರೆಂಟನ್ನು ಬಜರ್ ಮೂಲಕ ಹರಿಯಬಿಡುತ್ತದೆ. ಹೊಲದ ಕಾಲುವೆಯಲ್ಲಿ ಬೆರಳಿನಿಂದ ತೂಬು ಎತ್ತಿದ ಹಾಗೆ.

ಮೋಟರಿನ ತಂತಿಗೆ ಕೈ ಹಚ್ಚಲೇ ಇಲ್ಲ. ಅದು 230 ವೋಲ್ಟ್. ಕಲಿಯುವವರು ವರ್ಷಗಟ್ಟಲೆ ಬ್ಯಾಟರಿಯಲ್ಲೇ ಆಡಲಿ.

ಎಲ್ಲ ಸರಿಯಾದ ಮೇಲೆ 25 ವ್ಯಾಟಿನ ಸೋಲ್ಡರಿಂಗ್ ಐರನ್ ಬಂತು. ಕಾಯಿಸಬೇಕಾದ್ದು ಜೋಡಿಸುವ ಜಾಗವನ್ನು, ಸೋಲ್ಡರ್ ಎಂಬ ಬೆಸುಗೆ ತಂತಿಯನ್ನಲ್ಲ. ಜಾಗ ಕಾದರೆ ಸೋಲ್ಡರ್ ತಾನೇ ಹರಿದು ಹೊಳೆಯುತ್ತದೆ. ಕಾಯದಿದ್ದರೆ ಮಂಕಾದ ಉಂಡೆಯಾಗಿ ಕೂರುತ್ತದೆ, ಒಳಗೆ ಜೋಡಣೆಯೇ ಆಗಿರುವುದಿಲ್ಲ. ಮಾಮೂಲಿ ಸೋಲ್ಡರಿನಲ್ಲಿ ಸೀಸ ಇರುತ್ತದೆ. ಕಿಟಕಿ ತೆರೆದಿಡಿ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ.

ಬಜರ್ ಒದರಿದ ದಿನ ಅತ್ತಿಗೆ ಅಡುಗೆಮನೆಯಿಂದ ಓಡಿಬಂದು ಮೋಟರ್ ಬಂದ್ ಮಾಡಿದರು. ಎರಡು ತಿಂಗಳಾದ ಮೇಲೆ ತಾಮ್ರದ ಒಂದು ತಂತಿ ಹಸಿರುಗಟ್ಟಿ ಸವೆದಿತ್ತು. ಎರಡರಲ್ಲಿ ಅದೊಂದೇ ಯಾಕೆ ಎಂದು ಹುಡುಗ ಕೇಳಿದ. ಮೀಟರ್ ಹಿಡಿದು ನೋಡು ಎಂದೆ. ಸವೆದದ್ದು ಪ್ಲಸ್ ಕಡೆಯದು. ಕರೆಂಟ್ ಹರಿದಾಗಲೆಲ್ಲ ಆ ತುದಿಯ ತಾಮ್ರ ಚೂರುಚೂರೇ ನೀರಿಗೆ ಕರಗುತ್ತದೆ. ಈಗ ಅಲ್ಲಿ ಎರಡು ಸ್ಟೀಲ್ ಸ್ಕ್ರೂ ಇವೆ.