ಮಣಿಕಟ್ಟಿನ ಪಟ್ಟಿ ಹೇಳುವ ಗುಟ್ಟುಗಳು

1901ನೇ ಇಸವಿ. ಈಜಿಪ್ಟಿನ ಅಬೈಡೋಸ್‌ನಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿಯವರ ತಂಡ ಜೆರ್ ಎಂಬ ದೊರೆಯ ಸಮಾಧಿಯನ್ನು ಅಗೆಯುತ್ತಿತ್ತು. ಸುಮಾರು 5,000 ವರ್ಷ ಹಳೆಯ ಸಮಾಧಿ ಅದು. ಒಳಗಿದ್ದುದನ್ನು ಕಳ್ಳರು ಎಂದೋ ದೋಚಿದ್ದರು. ಆದರೆ ಗೋಡೆಯ ಸಂದಿಯಲ್ಲಿ ತುರುಕಿಟ್ಟ ಒಂದು ಕೈ ಉಳಿದುಕೊಂಡಿತ್ತು. ಬರೀ ಕೈ, ಅದಕ್ಕೆ ಸುತ್ತಿದ ನಾರುಬಟ್ಟೆ. ಬಟ್ಟೆಯೊಳಗೆ ಚಿನ್ನ ಮತ್ತು ಬಣ್ಣದ ಕಲ್ಲುಗಳ ನಾಲ್ಕು ಬಳೆಗಳು. ಸಾಮಾನ್ಯವಾಗಿ ದಾರ ಕೊಳೆತು ಮಣಿಗಳು ಚೆಲ್ಲಾಪಿಲ್ಲಿಯಾಗಿರುತ್ತವೆ. ಇಲ್ಲಿ ಯಾವ ಮಣಿಯ ಪಕ್ಕ ಯಾವುದಿತ್ತು ಎನ್ನುವುದೂ ಗೊತ್ತಾಗುವಂತಿತ್ತು.

ಬಳೆಗಳೂ ಕೈಯೂ ಕೈರೋದ ಮ್ಯೂಸಿಯಂ ಸೇರಿದವು. ಅಲ್ಲಿನ ಅಧಿಕಾರಿ ಬಳೆಗಳನ್ನು ಇಟ್ಟುಕೊಂಡು ಕೈಯನ್ನೂ ಬಟ್ಟೆಯನ್ನೂ ಎಸೆದುಬಿಟ್ಟರು! ಆ ಕೈ ಹೆಣ್ಣಿನದೋ ಗಂಡಿನದೋ ಎಂದು ಪರೀಕ್ಷಿಸಲು ಇವತ್ತು ದಾರಿಯೇ ಇಲ್ಲ. ಇದನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬಳೆಯ ಚಿನ್ನಕ್ಕಿಂತ ಅದನ್ನು ತೊಟ್ಟವರ ಸುದ್ದಿಯೇ ದೊಡ್ಡದು, ಅಲ್ವಾ?

ಸುದ್ದಿ ಹೇಳುವುದಕ್ಕೆ ಮಣಿಕಟ್ಟು ಒಳ್ಳೆಯ ಜಾಗ. ಹಸ್ತ ಅದಕ್ಕಿಂತ ಅಗಲ, ಹಾಗಾಗಿ ತೊಟ್ಟದ್ದು ಸುಲಭಕ್ಕೆ ಜಾರಿ ಬೀಳದು. ಕಣ್ಣಿಗೂ ಹತ್ತಿರ. ಗಂಡಸರ ಜೇಬಿನ ಗಡಿಯಾರ ಮೊದಲ ಮಹಾಯುದ್ಧದ ಹೊತ್ತಿಗೆ ಕೈಗೆ ಬಂದದ್ದೂ ಈ ಅನುಕೂಲಕ್ಕೇ. ಇವತ್ತಿನ ಸ್ಮಾರ್ಟ್‌ವಾಚ್ ಬಿಚ್ಚಿ ತಿರುಗಿಸಿದರೆ ಹಸಿರು ಬೆಳಕು ಮಿನುಗುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೃದಯ ಒಮ್ಮೆ ಬಡಿದಾಗ ಚರ್ಮದಡಿ ರಕ್ತ ಹೆಚ್ಚುತ್ತದೆ, ವಾಪಸ್ ಬರುವ ಬೆಳಕು ಕಡಿಮೆಯಾಗುತ್ತದೆ. ಈ ಏರಿಳಿತ ಎಣಿಸಿದರೆ ನಾಡಿಬಡಿತ ಸಿಗುತ್ತದೆ.

ಎಲೆಕ್ಟ್ರಾನಿಕ್ಸ್ ಕೆಲಸಗಾರರು ವೈರ್ ಇರುವ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಮೈಯಲ್ಲಿ ಸೇರಿದ ಸ್ಥಿರ ವಿದ್ಯುತ್ತು ನಮಗೆ ಗೊತ್ತೇ ಆಗದಷ್ಟಿದ್ದರೂ ಚಿಪ್ ಸುಟ್ಟುಹೋಗಬಹುದು. ಪಟ್ಟಿ ಅದನ್ನು ನೆಲಕ್ಕೆ ಇಳಿಸುತ್ತದೆ. ಅದರ ವೈರಿನಲ್ಲಿ 10 ಲಕ್ಷ ಓಮ್‌ನ ರೆಸಿಸ್ಟರ್ ಇರುತ್ತದೆ. ಕೆಲಸಗಾರರ ಕೈ ಅಪ್ಪಿತಪ್ಪಿ 230 ವೋಲ್ಟಿನ ತಂತಿಗೆ ತಗುಲಿದರೂ ಪಟ್ಟಿಯ ಮೂಲಕ ಹರಿಯುವುದು ಒಂದು ಮಿಲಿಆಂಪ್‌ನ ಕಾಲು ಭಾಗಕ್ಕಿಂತ ಕಡಿಮೆ.

ನೋವು ವಾಸಿಮಾಡುತ್ತೇವೆ ಎನ್ನುವ ಪಟ್ಟಿಗಳ ಮಾತು ಬೇರೆ. ಬ್ರಿಟನ್ನಿನಲ್ಲಿ ರುಮಟಾಯ್ಡ್ ಸಂಧಿವಾತದ 70 ರೋಗಿಗಳಿಗೆ ತಾಮ್ರದ ಕಡಗ, ಅಯಸ್ಕಾಂತದ ಪಟ್ಟಿ ತೊಡಿಸಿ ನೋಡಿದರು. 2013ರಲ್ಲಿ ಫಲಿತಾಂಶ ಬಂತು. ನೋವಿನಲ್ಲೂ ಊತದಲ್ಲೂ, ಹೋಲಿಕೆಗೆಂದು ತೊಡಿಸಿದ ಹುಸಿ ಪಟ್ಟಿಗಿಂತ ಜಾಸ್ತಿ ಪ್ರಯೋಜನ ಕಾಣಲಿಲ್ಲ. ದುಡ್ಡು ಕೊಟ್ಟು ಕಾಯುವ ರೋಗಿಗಳನ್ನು ನೆನೆದರೆ ಇದನ್ನು ಗಟ್ಟಿಯಾಗಿ ಹೇಳಲೇಬೇಕು ಅನಿಸುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಿಲಿಕೋನ್ ಬ್ಯಾಂಡಿನ ಕಥೆ. ದತ್ತಿ ಸಂಸ್ಥೆಗಳು, ಆಟದ ತಂಡಗಳು ಹಂಚುತ್ತವಲ್ಲ, ಆ ಅಗ್ಗದ ರಬ್ಬರಿನಂಥ ಬಳೆ. ಸಿಲಿಕೋನ್‌ನ ಅಣುಸರಪಳಿಗಳ ನಡುವೆ ಸಣ್ಣ ಸಣ್ಣ ಜಾಗಗಳಿವೆ. ಸುತ್ತಲಿನ ಗಾಳಿಯಲ್ಲಿ, ಚರ್ಮದ ಮೇಲೆ ಇರುವ ರಾಸಾಯನಿಕಗಳು ಅಲ್ಲಿ ನುಸುಳಿ ಕೂರುತ್ತವೆ. ಅಮೆರಿಕದ ಓರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಕಿಮ್ ಆಂಡರ್ಸನ್ ಅವರ ತಂಡ ಇದನ್ನೇ ಉಪಕರಣ ಮಾಡಿಕೊಂಡಿತು. ಮೊದಲು ಬ್ಯಾಂಡನ್ನು ಚೆನ್ನಾಗಿ ಶುದ್ಧಮಾಡಬೇಕು. ಕೆಲವು ದಿನ ಸುಮ್ನೆ ತೊಟ್ಟುಕೊಂಡು ಓಡಾಡಬೇಕು. ಆಮೇಲೆ ದ್ರಾವಕದಲ್ಲಿ ನೆನೆಸಿ, ಅದು ಹೀರಿದ್ದನ್ನೆಲ್ಲ ಹೊರತೆಗೆದು ಪರೀಕ್ಷಿಸುತ್ತಾರೆ. 2014ರ ಅವರ ವರದಿಯಲ್ಲಿ 49 ಬಗೆಯ ರಾಸಾಯನಿಕಗಳು ಸಿಕ್ಕಿದ್ದವು. ನಿಕೋಟಿನ್, ಕೆಫೀನ್, ಸುಗಂಧದ್ರವ್ಯ, ಸಾಕುಪ್ರಾಣಿಗಳ ಚಿಗಟಕ್ಕೆ ಹಾಕುವ ಔಷಧಿ ಎಲ್ಲ ಅದರಲ್ಲಿದ್ದವು. ಡಾಂಬರು ಬಳಸುವ ಚಾವಣಿ ಕೆಲಸಗಾರರಿಗೂ ಬ್ಯಾಂಡ್ ತೊಡಿಸಿ, ಅವರಿಗೆ ತಾಗುವ ವಿಷಗಳನ್ನು ಅಳೆದರು. 2017ರಲ್ಲಿ ಹಾರ್ವೆ ಚಂಡಮಾರುತದಿಂದ ಹ್ಯೂಸ್ಟನ್ ನಗರ ಮುಳುಗಿದ ಮೇಲೆ ಅಲ್ಲಿನ ಜನರಿಗೂ ಇಂಥ ಬ್ಯಾಂಡ್ ಕೊಟ್ಟರು.

ಇದರಲ್ಲಿ ಬ್ಯಾಟರಿ ಇಲ್ಲ, ಸದ್ದಿಲ್ಲ. ತೊಟ್ಟವರು ಎಲ್ಲೆಲ್ಲಿ ಹೋದರೋ ಅಲ್ಲಿಗೆಲ್ಲ ಬ್ಯಾಂಡೂ ಹೋಗುತ್ತದೆ. ಊಟದ ಜೊತೆ ಹೊಟ್ಟೆಗೆ ಹೋದದ್ದು ಮಾತ್ರ ಇದಕ್ಕೆ ತಿಳಿಯುವುದಿಲ್ಲ. ಅದಕ್ಕೆ ಈಗಲೂ ರಕ್ತ, ಮೂತ್ರದ ಪರೀಕ್ಷೆಯೇ ಆಗಬೇಕು.