ಪದ ಪರಿಚಯ: ಕ್ವಾಡ್, ಅಂದರೆ ಗಾಳಿಯಲ್ಲಿ ನಾಲ್ಕು ಸುತ್ತು

ಪುರುಷರ ಫಿಗರ್ ಸ್ಕೇಟಿಂಗ್ ಕುರಿತು ಯಾರೇ ಮಾತಿಗೆ ಕುಳಿತರೂ ಬಹಳ ಬೇಗ ‘ಕ್ವಾಡ್’ ಎಂಬ ಪದ ಬಂದುಬಿಡುತ್ತದೆ. ಹದಿನೇಳರ ಹುಡುಗನೊಬ್ಬ ಸುದ್ದಿಯಾದರೆ ಮೊದಲು ಕೇಳುವ ಪ್ರಶ್ನೆ, ಅವನ ಬಳಿ ಎಷ್ಟು ಕ್ವಾಡ್‌ಗಳಿವೆ? ಹತ್ತು ವರ್ಷ ಆಡಿದ ಚಾಂಪಿಯನ್ ಸೋತರೆ ಮೊದಲು ಹೇಳುವ ಕಾರಣ, ಕ್ವಾಡ್ ಕೈಕೊಟ್ಟಿತು. ಹಾಗಾಗಿ ಈ ಪದ ಬರೀ ಒಂದು ಜಿಗಿತದ ಹೆಸರಾಗಿ ಉಳಿದಿಲ್ಲ. ಏರುತ್ತಿರುವ ತಾರೆಯನ್ನೂ ನೆಲೆಗೊಂಡ ತಾರೆಯನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡುವ ಅಳತೆಗೋಲೇ ಆಗಿಬಿಟ್ಟಿದೆ. ಆ ಅಳತೆಗೋಲು ಎಲ್ಲಿ ಸರಿ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ತಿಳಿದುಕೊಂಡರೆ ಈ ಕ್ರೀಡೆಯನ್ನು ನೋಡುವ ಸುಖವೇ ಬೇರೆ.

ಮೊದಲು ಅರ್ಥ. ಒಂದು ಜಿಗಿತದಲ್ಲಿ ಗಾಳಿಯಲ್ಲೇ ನಾಲ್ಕು ಸುತ್ತು ತಿರುಗಿ, ಒಂದೇ ಕಾಲಿನ ಮೇಲೆ, ಬ್ಲೇಡಿನ ಹೊರ ಅಂಚಿನಲ್ಲಿ, ಹಿಮ್ಮುಖವಾಗಿ ಇಳಿದರೆ ಅದು ಕ್ವಾಡ್. ಇಷ್ಟಕ್ಕೂ ಸಿಗುವ ಸಮಯ ಹೆಚ್ಚುಕಡಿಮೆ ಮುಕ್ಕಾಲು ಸೆಕೆಂಡಿನೊಳಗೆ ಮುಗಿಯುತ್ತದೆ. ಮಂಜಿನಿಂದ ಮೇಲೆದ್ದ ಕೂಡಲೇ ಕೈಗಳನ್ನು ಎದೆಗೆ ಬಿಗಿಯಾಗಿ ಎಳೆದುಕೊಂಡು ಕಾಲುಗಳನ್ನು ಹೆಣೆದುಕೊಳ್ಳುವುದು ತಿರುಗುವ ವೇಗ ಹೆಚ್ಚಲಿ ಎಂದು. ಇಳಿಯುವ ಕ್ಷಣದಲ್ಲಿ ಅವುಗಳನ್ನು ಬಿಚ್ಚುವುದು ಆ ವೇಗವನ್ನು ತಡೆಯಲು. ಇಳಿಯುವಾಗ ಆ ಒಂದು ಕಾಲಿನ ಮೇಲೆ ದೇಹತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಹತ್ತೊಂಬತ್ತಿಪ್ಪತ್ತರ ವಯಸ್ಸಿನವರು ಈ ಭಾರವನ್ನು ದಿನಕ್ಕೆ ಹತ್ತಾರು ಬಾರಿ ತಾಳಿಕೊಳ್ಳುತ್ತಾರೆ, ಇಪ್ಪತ್ತೇಳರ ಕಣಕಾಲು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಹೊಸಬರಿಗೂ ಹಳಬರಿಗೂ ನಡುವಿನ ಮೊದಲ ವ್ಯತ್ಯಾಸ ಇಲ್ಲೇ ಇದೆ.

ಕ್ವಾಡ್‌ಗಳಲ್ಲಿ ಆರು ಬಗೆ. ಟೋ ಲೂಪ್, ಸಾಲ್ಕೋ, ಲೂಪ್, ಫ್ಲಿಪ್, ಲುಟ್ಜ್ ಮತ್ತು ಆಕ್ಸೆಲ್. ಯಾವ ಅಂಚಿನಿಂದ ಹಾರಿದರು, ಬ್ಲೇಡಿನ ತುದಿಯ ಹಲ್ಲುಗಳನ್ನು ಮಂಜಿಗೆ ಊರಿದರೋ ಇಲ್ಲವೋ ಎಂಬುದರ ಮೇಲೆ ಹೆಸರು ನಿಂತಿದೆ. ಮೊದಲ ಐದರಲ್ಲಿ ಹಿಮ್ಮುಖವಾಗಿ ಹಾರುತ್ತಾರೆ. ಆಕ್ಸೆಲ್ ಒಂದರಲ್ಲಿ ಮಾತ್ರ ಮುಮ್ಮುಖವಾಗಿ ಹಾರಬೇಕು, ಇಳಿಯುವುದು ಮಾತ್ರ ಎಲ್ಲರಂತೆ ಹಿಮ್ಮುಖವಾಗಿಯೇ. ಆದ್ದರಿಂದ ಅದರಲ್ಲಿ ಅರ್ಧ ಸುತ್ತು ಹೆಚ್ಚು, ಕ್ವಾಡ್ ಆಕ್ಸೆಲ್ ಎಂದರೆ ನಾಲ್ಕೂವರೆ ಸುತ್ತು. 1882ರಲ್ಲಿ ವಿಯೆನ್ನಾದಲ್ಲಿ ನಾರ್ವೆಯ ಆಕ್ಸೆಲ್ ಪಾಲ್ಸೆನ್ ಒಂದೂವರೆ ಸುತ್ತಿನ ಈ ಜಿಗಿತವನ್ನು ತೋರಿಸಿದ ಮೇಲೆ ಅದು ನಾಲ್ಕೂವರೆಗೆ ಬೆಳೆಯಲು 140 ವರ್ಷ ಹಿಡಿಯಿತು.

ಸ್ಪರ್ಧೆಯಲ್ಲಿ ಮಾನ್ಯತೆ ಪಡೆದ ಮೊದಲ ಕ್ವಾಡ್ ಕೆನಡಾದ ಕರ್ಟ್ ಬ್ರೌನಿಂಗ್ ಅವರದು. 1988ರ ವಿಶ್ವ ಚಾಂಪಿಯನ್‌ಷಿಪ್, ಬುಡಾಪೆಸ್ಟ್, ಟೋ ಲೂಪ್. ನಂತರ ಒಂದೊಂದೇ ಬಾಗಿಲು ತೆರೆಯಿತು. 1998ರಲ್ಲಿ ಅಮೆರಿಕದ ಟಿಮೊತಿ ಗೋಬಲ್ ಸಾಲ್ಕೋ ಇಳಿಸಿದರು, 2011ರಲ್ಲಿ ಬ್ರಾಂಡನ್ ಮ್ರೋಜ್ ಲುಟ್ಜ್ ಇಳಿಸಿದರು. 2016 ಒಂದರಲ್ಲೇ ಜಪಾನಿನ ಇಬ್ಬರು ಎರಡು ಬಾಗಿಲು ತೆರೆದರು: ಶೋಮಾ ಉನೊ ಫ್ಲಿಪ್, ಯುಜುರು ಹನ್ಯು ಲೂಪ್. ಆಕ್ಸೆಲ್ ಮಾತ್ರ ಉಳಿದಿತ್ತು.

ಇನ್ನು ಅಂಕಗಳ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿಯೇ ಹೋಗಬೇಕು, ಏಕೆಂದರೆ ಹೊಸ ತಾರೆ, ಹಳೆಯ ತಾರೆ ಎಂಬ ಹೋಲಿಕೆಯ ಗುಟ್ಟು ಪೂರ್ತಿ ಅಂಕಪಟ್ಟಿಯಲ್ಲೇ ಇದೆ.

ಸ್ಪರ್ಧೆಯಲ್ಲಿ ಒಬ್ಬೊಬ್ಬರದೂ ಎರಡು ಪ್ರದರ್ಶನ, ಮೊದಲು ಚಿಕ್ಕದಾದ ಶಾರ್ಟ್ ಪ್ರೋಗ್ರಾಮ್, ಆಮೇಲೆ ಉದ್ದದ ಫ್ರೀ ಸ್ಕೇಟ್; ಎರಡರ ಅಂಕ ಕೂಡಿದರೆ ಫಲಿತಾಂಶ. ಪ್ರತಿ ಪ್ರದರ್ಶನಕ್ಕೂ ಎರಡು ಬಗೆಯ ಅಂಕ ಸಿಗುತ್ತದೆ. ಒಂದು ತಾಂತ್ರಿಕ ಅಂಕ. ಪ್ರತಿ ಜಿಗಿತಕ್ಕೂ ಒಂದು ಮೂಲ ಬೆಲೆ ಇರುತ್ತದೆ, ಅದಕ್ಕೆ ತೀರ್ಪುಗಾರರು ಗುಣಮಟ್ಟ ನೋಡಿ ಮೈನಸ್ ಐದರಿಂದ ಪ್ಲಸ್ ಐದರವರೆಗೆ ಕಳೆಯುತ್ತಾರೆ ಅಥವಾ ಕೂಡುತ್ತಾರೆ; ಒಂದೊಂದು ಮೆಟ್ಟಿಲೂ ಮೂಲ ಬೆಲೆಯ ಶೇಕಡಾ ಹತ್ತರಷ್ಟು. ಇನ್ನೊಂದು ಕಾಂಪೊನೆಂಟ್ ಅಂಕ: ಸಂಯೋಜನೆ, ಪ್ರಸ್ತುತಿ ಮತ್ತು ಸ್ಕೇಟಿಂಗ್ ಕೌಶಲ ಎಂಬ ಮೂರು ವಿಭಾಗಗಳಿಗೆ ಹತ್ತಕ್ಕೆ ಇಷ್ಟು ಎಂದು ಕೊಡುವುದು. 2022ರವರೆಗೆ ಐದು ವಿಭಾಗಗಳಿದ್ದವು, ಈಗ ಮೂರು. ಪುರುಷರ ಫ್ರೀ ಸ್ಕೇಟಿನಲ್ಲಿ ಈ ಅಂಕಗಳನ್ನು 3.33ರಿಂದ ಗುಣಿಸುತ್ತಾರೆ. ಅಂದರೆ ಮೂರೂ ವಿಭಾಗಗಳಲ್ಲಿ ಹತ್ತಕ್ಕೆ ಹತ್ತು ಸಿಕ್ಕರೂ ನೂರನ್ನು ದಾಟಲು ಆಗುವುದಿಲ್ಲ. ಕಾಂಪೊನೆಂಟ್ ಅಂಕಕ್ಕೆ ಸೂರು ಇದೆ. ತಾಂತ್ರಿಕ ಅಂಕಕ್ಕೆ ಹಾಗೆ ಕಟ್ಟಿದ ಸೂರಿಲ್ಲ, ಜಿಗಿತ ಕಠಿಣವಾದಷ್ಟೂ ಅದು ಬೆಳೆಯುತ್ತಲೇ ಹೋಗುತ್ತದೆ.

ಈಗ ಒಂದು ಲೆಕ್ಕ ಹಾಕಿ ನೋಡಿ. ಹೆಸರು ಮಾಡಿದ ಚಾಂಪಿಯನ್‌ಗೆ ಮೂರು ವಿಭಾಗಗಳಲ್ಲೂ ಒಂಬತ್ತೂಕಾಲು, ಹೊಸದಾಗಿ ಹಿರಿಯರ ವಿಭಾಗಕ್ಕೆ ಬಂದವನಿಗೆ ಎಂಟೂಕಾಲು ಸಿಕ್ಕಿತು ಎಂದುಕೊಳ್ಳಿ. ಫ್ರೀ ಸ್ಕೇಟ್ ಒಂದರಲ್ಲೇ ಹೊಸಬ ಸುಮಾರು ಹತ್ತು ಅಂಕ ಹಿಂದೆ ಬಿದ್ದ. ಅದನ್ನು ತುಂಬಿಕೊಳ್ಳುವುದು ಹೇಗೆ? ಮೂರು ಸುತ್ತಿನ ಜಿಗಿತವಾದ ಟ್ರಿಪಲ್ ಟೋ ಲೂಪಿನ ಮೂಲ ಬೆಲೆ 4.2, ಕ್ವಾಡ್ ಟೋ ಲೂಪಿನದು 9.5. ಎರಡು ಟ್ರಿಪಲ್‌ಗಳ ಜಾಗದಲ್ಲಿ ಎರಡು ಕ್ವಾಡ್ ಇಟ್ಟರೆ ಲೆಕ್ಕ ಸರಿಹೋಯಿತು. ಸ್ಕೇಟಿಂಗ್ ಕೌಶಲ ಒಂದು ಅಂಕದಷ್ಟು ಏರಬೇಕಾದರೆ ವರ್ಷಗಟ್ಟಲೆ ಬೇಕು, ಜೊತೆಗೆ ಏರಿದ್ದನ್ನು ತೀರ್ಪುಗಾರರು ಗಮನಿಸಲೂ ಬೇಕು. ಹೊಸಬರು ಕ್ವಾಡ್‌ನ ಹಿಂದೆ ಬೀಳುವುದಕ್ಕೆ ಕಾರಣ ಇದು. ಅವರಿಗೆ ಕಲೆಯ ಮೇಲೆ ಪ್ರೀತಿಯಿಲ್ಲ ಎಂದು ದೂರುವವರು ಈ ಲೆಕ್ಕವನ್ನು ಒಮ್ಮೆ ಹಾಕಬೇಕು.

ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಕ್ವಾಡ್ ಲುಟ್ಜ್‌ನ ಬೆಲೆ 11.5. ಪೂರ್ತಿ ಸುತ್ತಿ ಬಿದ್ದರೂ ಗುಣಮಟ್ಟದ ಅಂಕ ಮೈನಸ್ ಐದರ ಹತ್ತಿರ ಹೋಗಿ ಅದರ ಅರ್ಧ ಕಳೆದುಹೋಗುತ್ತದೆ, ಬಿದ್ದದ್ದಕ್ಕೆ ಒಂದು ಅಂಕ ದಂಡ. ಉಳಿಯುವುದು ಐದಕ್ಕೂ ಕಡಿಮೆ. ಶುದ್ಧವಾದ ಟ್ರಿಪಲ್ ಲುಟ್ಜ್ ಇದಕ್ಕಿಂತ ಹೆಚ್ಚು ತರುತ್ತದೆ. ಅನುಭವಸ್ಥರು ಕೆಲವೊಮ್ಮೆ ಕ್ವಾಡ್ ಬಿಟ್ಟು ಟ್ರಿಪಲ್ ಮಾಡಿ ಸುಮ್ಮನಾಗುವುದು ಇದನ್ನರಿತೇ.

ಕ್ವಾಡ್ ಬೇಕೇ ಬೇಡವೇ ಎಂಬ ಜಗಳ ತಾರಕಕ್ಕೆ ಹೋದದ್ದು 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ. ರಷ್ಯಾದ ಎವ್ಗೆನಿ ಪ್ಲುಶೆಂಕೊ ಹಿಂದಿನ ಒಲಿಂಪಿಕ್ ಚಾಂಪಿಯನ್, ಕ್ವಾಡ್ ಮಾಡಿದರು. ಅಮೆರಿಕದ ಇವಾನ್ ಲೈಸಾಚೆಕ್ ಒಂದೂ ಕ್ವಾಡ್ ಮಾಡಲಿಲ್ಲ. ಲೈಸಾಚೆಕ್ 257.67, ಪ್ಲುಶೆಂಕೊ 256.36. ಚಿನ್ನ ಕ್ವಾಡ್ ಇಲ್ಲದವರಿಗೆ ಹೋಯಿತು. ಫ್ರೀ ಸ್ಕೇಟಿನ ಕಾಂಪೊನೆಂಟ್ ಅಂಕ ಇಬ್ಬರಿಗೂ ಒಂದೇ, 82.80. ಹಾಗಾಗಿ ಕಲೆ ಗೆದ್ದಿತು, ಜಿಗಿತ ಸೋತಿತು ಎಂಬ ವ್ಯಾಖ್ಯಾನ ಅಂಕಪಟ್ಟಿಯ ಮುಂದೆ ನಿಲ್ಲುವುದಿಲ್ಲ. ಲೈಸಾಚೆಕ್ ಗೆದ್ದದ್ದು ತಾಂತ್ರಿಕ ಅಂಕದಲ್ಲೇ, ತಮ್ಮ ಟ್ರಿಪಲ್‌ಗಳನ್ನು ಅಚ್ಚುಕಟ್ಟಾಗಿ ಮಾಡಿ. ನನಗೆ ಈ ಫಲಿತಾಂಶ ಇಂದಿಗೂ ನ್ಯಾಯವೆಂದೇ ತೋರುತ್ತದೆ. ಆ ನಂತರ ಕ್ವಾಡ್‌ನ ಮೂಲ ಬೆಲೆ ಏರಿತು, ಪುರುಷರ ಸ್ಪರ್ಧೆಯ ಚಹರೆಯೇ ಬದಲಾಯಿತು.

ಆ ಬದಲಾವಣೆಯ ಅಲೆಯ ಮೇಲೆ ಬಂದವರು ಹನ್ಯು. 2014ರ ಸೋಚಿಯಲ್ಲಿ ಅವರಿಗೆ 19 ವರ್ಷ. ಎದುರಿಗಿದ್ದವರು ಸತತ ಮೂರು ಬಾರಿಯ ವಿಶ್ವ ಚಾಂಪಿಯನ್, ಕೆನಡಾದ ಪ್ಯಾಟ್ರಿಕ್ ಚಾನ್, ಬ್ಲೇಡಿನ ಅಂಚನ್ನು ಬಳಸುವುದರಲ್ಲಿ ಅವರಿಗೆ ಸಾಟಿಯಿಲ್ಲ ಎನ್ನುತ್ತಿದ್ದ ಕಾಲ. ಹನ್ಯು ಶಾರ್ಟ್ ಪ್ರೋಗ್ರಾಮಿನಲ್ಲಿ 101.45 ಗಳಿಸಿ ನೂರರ ಗಡಿ ದಾಟಿದರು. ಫ್ರೀ ಸ್ಕೇಟಿನಲ್ಲಿ ಎರಡು ಬಾರಿ ಬಿದ್ದರೂ ಚಿನ್ನ ಅವರದೇ ಆಯಿತು. ಇಂದು ಹನ್ಯು ಹೆಸರು ಕೇಳಿದರೆ ಲಾಲಿತ್ಯ, ಸಂಗೀತ, ಪರಿಪೂರ್ಣತೆ ನೆನಪಾಗುತ್ತವೆ. ಬಂದಾಗ ಅವರೂ ಕ್ವಾಡ್ ಹುಡುಗನೇ ಆಗಿದ್ದರು ಎಂಬುದನ್ನು ಮರೆಯುವುದು ಸುಲಭ.

ನಾಲ್ಕು ವರ್ಷಗಳ ನಂತರ, 2018ರ ಪ್ಯೊಂಗ್‌ಚಾಂಗ್‌ನಲ್ಲಿ, ಪಾತ್ರ ಬದಲಾಗಿತ್ತು. ಈಗ ನೆಲೆಗೊಂಡ ತಾರೆ ಹನ್ಯು, ಏರುತ್ತಿರುವವರು ಅಮೆರಿಕದ 18ರ ನೇಥನ್ ಚೆನ್. ಚೆನ್ ಶಾರ್ಟ್ ಪ್ರೋಗ್ರಾಮಿನಲ್ಲಿ ಎಡವಿ 17ನೇ ಸ್ಥಾನಕ್ಕೆ ಕುಸಿದರು. ಮರುದಿನ ಫ್ರೀ ಸ್ಕೇಟಿನಲ್ಲಿ ಆರು ಕ್ವಾಡ್ ಮಾಡಿ 215.08 ಅಂಕ ತೆಗೆದು ಐದನೇ ಸ್ಥಾನಕ್ಕೆ ಏರಿದರು. ಹನ್ಯು ಕಣಕಾಲಿನ ಗಾಯದಿಂದ ಎದ್ದು ಬಂದು ಸತತ ಎರಡನೆಯ ಚಿನ್ನ ಗೆದ್ದರು. ಅಮೆರಿಕದ ಡಿಕ್ ಬಟನ್ 1948 ಮತ್ತು 1952ರಲ್ಲಿ ಗೆದ್ದ ಮೇಲೆ ಪುರುಷರಲ್ಲಿ ಯಾರೂ ಹಾಗೆ ಗೆದ್ದಿರಲಿಲ್ಲ. ಒಂದೇ ಸ್ಪರ್ಧೆಯಲ್ಲಿ ಎರಡೂ ಬಗೆಯ ಶಕ್ತಿಯನ್ನು ಇಷ್ಟು ಸ್ಪಷ್ಟವಾಗಿ ನೋಡಲು ಸಿಕ್ಕ ಇನ್ನೊಂದು ಸಂದರ್ಭ ನನಗೆ ಗೊತ್ತಿಲ್ಲ. ಅದೇ ವರ್ಷ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ನಿಯಮ ಬದಲಿಸಿತು. ಲುಟ್ಜ್‌ನ ಬೆಲೆ 13.6ರಿಂದ 11.5ಕ್ಕೆ ಇಳಿಯಿತು, ಫ್ರೀ ಸ್ಕೇಟಿನ ಜಿಗಿತಗಳು ಎಂಟರಿಂದ ಏಳಾದವು. ಕ್ವಾಡ್‌ನ ಓಟಕ್ಕೆ ಲಗಾಮು ಹಾಕುವುದು ಉದ್ದೇಶ. ಓಟ ನಿಲ್ಲಲಿಲ್ಲ. 2019ರ ಗ್ರ್ಯಾಂಡ್ ಪ್ರಿ ಫೈನಲ್‌ನಲ್ಲಿ ಚೆನ್ ಒಟ್ಟು 335.30 ಗಳಿಸಿದರು, 2022ರ ಬೀಜಿಂಗ್‌ನಲ್ಲಿ ಒಲಿಂಪಿಕ್ ಚಿನ್ನವನ್ನೂ ಗೆದ್ದರು.

ಬೀಜಿಂಗ್‌ನಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ನಾಲ್ಕನೇ ಸ್ಥಾನ. ಎರಡು ಚಿನ್ನ ಗೆದ್ದಿದ್ದ 27ರ ಹನ್ಯು ಯಾರೂ ಸ್ಪರ್ಧೆಯಲ್ಲಿ ಇಳಿಸಿರದ ಕ್ವಾಡ್ ಆಕ್ಸೆಲ್‌ಗೆ ಹಾರಿದರು. ಸುತ್ತು ಸ್ವಲ್ಪ ಕಡಿಮೆಯಾಯಿತು, ಬಿದ್ದರು. ಆದರೂ ಅಂಕಪಟ್ಟಿಯಲ್ಲಿ ಅದು ಕ್ವಾಡ್ ಆಕ್ಸೆಲ್ ಎಂದೇ ದಾಖಲಾಯಿತು, ಹಾಗೆ ದಾಖಲಾದ ಮೊದಲನೆಯದು. ಹಳಬರು ಸುರಕ್ಷಿತ ದಾರಿ ಹಿಡಿಯುತ್ತಾರೆ, ಹೊಸಬರು ಸಾಹಸ ಮಾಡುತ್ತಾರೆ ಎಂಬ ಮಾತನ್ನು ಈ ಒಂದು ಜಿಗಿತ ಸುಳ್ಳಾಗಿಸುತ್ತದೆ. ಅದೇ ಸ್ಪರ್ಧೆಯಲ್ಲಿ ಅಮೆರಿಕದ ಜೇಸನ್ ಬ್ರೌನ್ ಒಂದೂ ಕ್ವಾಡ್ ಇಲ್ಲದೆ ಆರನೇ ಸ್ಥಾನ ಪಡೆದರು. ಅವರ ಆಯ್ಕೆಯ ಬಗ್ಗೆಯೇ ವಿವಾದವಿತ್ತು: ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಬ್ರೌನ್ ನಾಲ್ಕನೆಯವರು, ಬೆಳ್ಳಿ ಗೆದ್ದಿದ್ದ 17ರ ಇಲಿಯಾ ಮಾಲಿನಿನ್ ಅವರನ್ನು ತಂಡಕ್ಕೆ ತೆಗೆದುಕೊಳ್ಳಲಿಲ್ಲ. ಅನುಭವವೋ ಕ್ವಾಡೋ ಎಂದಾಗ ಆಯ್ಕೆಗಾರರು ಅನುಭವಕ್ಕೆ ಒಲಿದರು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್‌ನಲ್ಲಿ ಮಾಲಿನಿನ್ ಕ್ವಾಡ್ ಆಕ್ಸೆಲ್ ಇಳಿಸಿದರು. ಉಳಿದಿದ್ದ ಕೊನೆಯ ಬಾಗಿಲೂ ತೆರೆಯಿತು. ಉಜ್ಬೇಕಿಸ್ತಾನದ ಪರವಾಗಿ ಒಲಿಂಪಿಕ್ಸ್‌ನಲ್ಲಿ ಸ್ಕೇಟ್ ಮಾಡಿದ್ದ ತಂದೆತಾಯಿಯ ಮಗ, ಇನ್‌ಸ್ಟಾಗ್ರಾಂನಲ್ಲಿ ತನ್ನನ್ನು ‘ಕ್ವಾಡ್ ಗಾಡ್’ ಎಂದು ಕರೆದುಕೊಂಡಿದ್ದ ಹುಡುಗ ಆ ಹೆಸರಿಗೆ ತಕ್ಕವನಾದ. 2023ರಲ್ಲಿ ಸೈತಾಮಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಉನೊ ಚಿನ್ನ, ಮಾಲಿನಿನ್ ಕಂಚು. 2024ರಲ್ಲಿ ಮಾಂಟ್ರಿಯಲ್‌ನಲ್ಲಿ ಶಾರ್ಟ್ ಪ್ರೋಗ್ರಾಮಿನ ನಂತರ ಉನೊ ಮುಂದಿದ್ದರು. ಫ್ರೀ ಸ್ಕೇಟಿನಲ್ಲಿ ಮಾಲಿನಿನ್ ಆರು ಕ್ವಾಡ್‌ಗಳೊಂದಿಗೆ 227.79 ಗಳಿಸಿ ಚಾಂಪಿಯನ್ ಆದರು, ಉನೊ ನಾಲ್ಕನೆಯವರಾದರು ಮತ್ತು ಎರಡೇ ತಿಂಗಳಲ್ಲಿ ನಿವೃತ್ತಿ ಘೋಷಿಸಿದರು. ಹಸ್ತಾಂತರ ಇಷ್ಟು ಬೇಗ ನಡೆದುಹೋಗುತ್ತದೆ. 2025ರ ಡಿಸೆಂಬರಿನಲ್ಲಿ ನಗೋಯಾದ ಗ್ರ್ಯಾಂಡ್ ಪ್ರಿ ಫೈನಲ್‌ನಲ್ಲಿ ಮಾಲಿನಿನ್ ಏಳು ಕ್ವಾಡ್ ಇಳಿಸಿ 238.24 ಗಳಿಸಿದರು. ಫ್ರೀ ಸ್ಕೇಟಿನಲ್ಲಿ ಜಿಗಿತಕ್ಕೆ ಆಗ ಇದ್ದದ್ದೇ ಏಳು ಅವಕಾಶ.

ಎರಡು ತಿಂಗಳ ನಂತರ ಮಿಲಾನ್ ಒಲಿಂಪಿಕ್ಸ್. ಈಗ ನೆಲೆಗೊಂಡ ತಾರೆ ಮಾಲಿನಿನ್, ಎರಡು ಬಾರಿಯ ವಿಶ್ವ ಚಾಂಪಿಯನ್. ಶಾರ್ಟ್ ಪ್ರೋಗ್ರಾಮಿನಲ್ಲಿ 108.16ರೊಂದಿಗೆ ಮೊದಲಿಗರು. ಫ್ರೀ ಸ್ಕೇಟಿನಲ್ಲಿ ಕ್ವಾಡ್ ಆಕ್ಸೆಲ್‌ಗೆಂದು ಹಾರಿದವರ ದೇಹ ಗಾಳಿಯಲ್ಲೇ ತೆರೆದುಕೊಂಡು ಸಿಂಗಲ್ ಆಗಿ ಇಳಿಯಿತು. 12.5ರ ಜಾಗದಲ್ಲಿ ಮೂಲ ಬೆಲೆ 1.1. ಮುಂದೆ ಎರಡು ಬಾರಿ ಬಿದ್ದರು. ಫ್ರೀ ಸ್ಕೇಟಿಗೆ 156.33, ಒಟ್ಟು 264.49, ಎಂಟನೇ ಸ್ಥಾನ. ಕ್ವಾಡ್ ಹೆಚ್ಚಿದ್ದಷ್ಟೂ ಏರಬಹುದಾದ ಎತ್ತರ ಹೆಚ್ಚುತ್ತದೆ, ಬೀಳುವ ಆಳವೂ ಹೆಚ್ಚುತ್ತದೆ. ಆ ರಾತ್ರಿ ಕಂಡದ್ದು ಎರಡನೆಯದು, ಮತ್ತು ಅದನ್ನು ಮಾಲಿನಿನ್ ಅವರ ಅಳತೆ ಎಂದು ತೆಗೆದುಕೊಳ್ಳುವುದು ಅನ್ಯಾಯ.

ಗೆದ್ದವರು ಕಜಾಕಿಸ್ತಾನದ ಮಿಖಾಯಿಲ್ ಶೈದೊರೊವ್, ಶಾರ್ಟ್ ಪ್ರೋಗ್ರಾಮಿನ ನಂತರ ಐದನೆಯವರಾಗಿದ್ದವರು. ಫ್ರೀ ಸ್ಕೇಟಿಗೆ 198.64, ಒಟ್ಟು 291.58. ಎಲ್ಲರೂ ಅವರನ್ನು ಏರುತ್ತಿರುವ ತಾರೆ ಎಂದೇ ಕರೆದರು, ನಿಜದಲ್ಲಿ ಅವರು ಮಾಲಿನಿನ್‌ಗಿಂತ ಕೆಲವು ತಿಂಗಳು ದೊಡ್ಡವರು. ಹೊಸಬ, ಹಳಬ ಎಂಬುದು ವಯಸ್ಸಿನ ಮಾತಲ್ಲ, ತೀರ್ಪುಗಾರರ ಮತ್ತು ಪ್ರೇಕ್ಷಕರ ಕಣ್ಣಿಗೆ ಯಾರು ಯಾವಾಗ ಪರಿಚಯವಾದರು ಎಂಬುದರ ಮಾತು. ಅವರ ದೇಶಕ್ಕೆ ಫಿಗರ್ ಸ್ಕೇಟಿಂಗ್‌ನಲ್ಲಿ ಇದು ಮೊದಲ ಒಲಿಂಪಿಕ್ ಚಿನ್ನ. ಅದಕ್ಕೂ ಹಿಂದಿನ ಪದಕ ಸೋಚಿಯಲ್ಲಿ ಡೆನಿಸ್ ಟೆನ್ ಗೆದ್ದ ಕಂಚು. 2018ರಲ್ಲಿ ಅಲ್ಮಾಟಿಯಲ್ಲಿ ಕೊಲೆಯಾದ ಆ ಸ್ಕೇಟರ್‌ನ ಹೆಸರು ಅಲ್ಲಿನ ಮಕ್ಕಳಿಗೆಲ್ಲ ಗೊತ್ತು.

ಬೆಳ್ಳಿ ಜಪಾನಿನ ಯುಮಾ ಕಾಗಿಯಾಮಾ ಅವರದು, 280.06. ಬೀಜಿಂಗ್‌ನಲ್ಲಿ 18ರ ಹೊಸಬರಾಗಿ ಗೆದ್ದದ್ದೂ ಬೆಳ್ಳಿಯೇ. ಈ ನಡುವೆ ಅವರ ಹೆಸರಿಗೆ ಹೊಸ ಬಗೆಯ ಕ್ವಾಡ್‌ನ ದಾಖಲೆ ಸೇರಲಿಲ್ಲ, ಬದಲಾಗಿ ಮಂಡಿಯ ಮೆದುವಾದ ಬಾಗು, ಸದ್ದಿಲ್ಲದ ಇಳಿತ, ಒಂದೇ ನೂಕಿಗೆ ರಿಂಕಿನ ಉದ್ದಕ್ಕೂ ಹರಿದುಹೋಗುವ ವೇಗ ಇನ್ನೂ ಹದವಾದವು. ಜಿಗಿತಗಳ ಎಣಿಕೆ ಕಲಿತವರು ಮುಂದಿನ ಸಲ ಕಾಗಿಯಾಮಾ ಅವರ ಮಂಡಿಗಳನ್ನು ನೋಡಿ, ಕಾಂಪೊನೆಂಟ್ ಅಂಕ ಯಾವುದಕ್ಕೆ ಸಿಗುತ್ತದೆ ಎಂಬುದು ಅಲ್ಲೇ ಕಾಣುತ್ತದೆ.